ಗಾಜಿನ ಗಾಯ

‘ಸಣ್ಣದು’ ಎಂಬ ಮಾತಿಗೆ ನಮ್ಮ ಆಡುನುಡಿಯಲ್ಲಿ ವಿಚಿತ್ರವಾದ ಒಂದು ಅಧಿಕಾರವಿದೆ. ಸಣ್ಣ ಸಾಲ, ಸಣ್ಣ ಸುಳ್ಳು, ಸಣ್ಣ ಮನಸ್ತಾಪ: ಮುಂದೆ ಈ ವಿಶೇಷಣವೊಂದು ಸೇರಿಬಿಟ್ಟರೆ ಸಾಕು, ಆ ವಿಷಯವನ್ನು ಇಂದಲ್ಲ ನಾಳೆ ನೋಡಿಕೊಳ್ಳಬಹುದೆಂಬ ಅಪ್ಪಣೆ ದೊರೆತಂತೆ ನಾವು ನಿಶ್ಚಿಂತರಾಗುತ್ತೇವೆ. ದೊಡ್ಡದಾದಾಗ ನೋಡೋಣ ಎನ್ನುವುದು ವಿವೇಕದ ಮಾತಿನಂತೆಯೇ ಕೇಳಿಸುತ್ತದೆ. ಆದರೆ ಲೋಕದಲ್ಲಿ ಕೆಲವು ಪದಾರ್ಥಗಳಿವೆ. ಅವು ಸಣ್ಣದಾಗಿದ್ದಾಗ ಮಾತ್ರ ನಮ್ಮ ಕೈಗೆ ಸಿಕ್ಕುವಂಥವು, ದೊಡ್ಡದಾದ ಮೇಲೆ ನಮ್ಮ ಅಪ್ಪಣೆಗೆ ಕಾಯುವಂಥವಲ್ಲ. ಅವುಗಳ ವಿಷಯದಲ್ಲಿ ಈ ವಿವೇಕ ಎಷ್ಟು ದೂರ ನಡೆದೀತು? ಕೆಟ್ಟುದನ್ನು ಸರಿಪಡಿಸುವುದು ಎಂದರೆ ನಿಜವಾಗಿ ಏನು: ಮುಚ್ಚುವುದೇ, ತಡೆಯುವುದೇ, ಅಥವಾ ಮೊದಲಿದ್ದಂತೆ ಮಾಡುವುದೇ? ಈ ಪ್ರಶ್ನೆಗೆ ನಾನು ಆರಿಸಿಕೊಂಡಿರುವ ನಿದರ್ಶನ ಯಾವ ದರ್ಶನಗ್ರಂಥದ್ದೂ ಅಲ್ಲ. ಅದು ಕಾರಿನ ಮುಂದಿನ ಗಾಜು.

ಜಲ್ಲಿ ಹೊತ್ತ ಲಾರಿಯ ಹಿಂದೆ ಹೆದ್ದಾರಿಯಲ್ಲಿ ಹೋದವರಿಗೆಲ್ಲ ಈ ಅನುಭವ ಉಂಟು. ಎಲ್ಲಿಂದಲೋ ಹಾರಿದ ಒಂದು ಹರಳು ‘ಟಕ್’ ಎಂದು ಗಾಜಿಗೆ ಬಡಿಯುತ್ತದೆ. ನೋಡಿದರೆ ಕಡಲೆಕಾಳಿನಷ್ಟು ಅಗಲದ ಒಂದು ಗಾಯ. ಕೆಲವೊಮ್ಮೆ ದುಂಡಗೆ, ಕೆಲವೊಮ್ಮೆ ನಕ್ಷತ್ರದಂತೆ ನಾಲ್ಕಾರು ಎಳೆಗಳನ್ನು ಚಾಚಿಕೊಂಡು. ಕಾರು ಓಡುತ್ತದೆ, ಗಾಳಿ ನುಗ್ಗುವುದಿಲ್ಲ, ಮಳೆ ಸೋರುವುದಿಲ್ಲ. ಹೀಗಿರುವಾಗ ಅದನ್ನು ಮರೆಯದವನೇ ಅಪರೂಪ.

ಗಾಜು ಪುಡಿಯಾಗದೆ ನಿಲ್ಲುವುದಕ್ಕೆ ಒಂದು ಕಾರಣವಿದೆ. ಪಕ್ಕದ ಬಾಗಿಲುಗಳ ಗಾಜು ಸಾಮಾನ್ಯವಾಗಿ ಒಂದೇ ಹಲಗೆ. ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದುದು. ಒಡೆದರೆ ಕಲ್ಲುಸಕ್ಕರೆಯ ಹರಳುಗಳಂತೆ ಉದುರಿಹೋಗುತ್ತದೆ, ರಿಪೇರಿಗೆ ಏನೂ ಉಳಿಯುವುದಿಲ್ಲ. ಮುಂದಿನ ಗಾಜು ಹಾಗಲ್ಲ. ಅದು ಎರಡು ಹಾಳೆಗಳ ನಡುವೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಪ್ಲಾಸ್ಟಿಕ್ಕಿನ ಪೊರೆಯನ್ನಿಟ್ಟು ಬೆಸೆದುದು. ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬ ಕಲಾವಿದ-ರಸಾಯನಜ್ಞನ ಪ್ರಯೋಗಶಾಲೆಯಲ್ಲಿ 1903ರಲ್ಲಿ ಒಂದು ಗಾಜಿನ ಬುರುಡೆ ಕೆಳಗೆ ಬಿದ್ದಿತಂತೆ. ಒಳಗೆ ಹಿಂದೆ ಇದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿ ಒಂದು ಪೊರೆಯಾಗಿ ಅಂಟಿಕೊಂಡಿದ್ದುದರಿಂದ, ಬುರುಡೆ ಬಿರುಕುಬಿಟ್ಟಿತೇ ಹೊರತು ಚೂರುಗಳು ಚೆದರಲಿಲ್ಲವಂತೆ. 1909ರಲ್ಲಿ ಅವನು ಇದಕ್ಕೆ ಹಕ್ಕುಪತ್ರ ಪಡೆದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣುಗಳಿಗೆ ಈ ಗಾಜು ಬಂತು, ಆಮೇಲೆ ಮೋಟಾರುಗಳಿಗೆ. ಹಳೆಯ ಪೊರೆ ಬಿಸಿಲಿಗೆ ಹಳದಿ ತಿರುಗುತ್ತಿದ್ದುದರಿಂದ 1930ರ ದಶಕದ ಕೊನೆಯ ಹೊತ್ತಿಗೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಇನ್ನೊಂದು ಪದಾರ್ಥ ಅದರ ಸ್ಥಾನಕ್ಕೆ ಬಂದಿತು. ಇಂದಿಗೂ ಇರುವುದು ಅದೇ. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ಗಾಜಿಗೆ ಇಂಥ ಪದರಗಾಜನ್ನೇ ವಿಧಿಸಿವೆ. ಹೊರಹಾಳೆಗೆ ಏಟು ಬಿದ್ದರೂ ಒಳಹಾಳೆಯೂ ನಡುವಣ ಪೊರೆಯೂ ಗಟ್ಟಿಯಾಗಿರುವುದರಿಂದಲೇ ರಿಪೇರಿ ಎಂಬ ಮಾತಿಗೆ ಅವಕಾಶ.

ಇಷ್ಟು ಭದ್ರವಾಗಿದ್ದ ಮೇಲೆ ಕಡಲೆಕಾಳಿನ ಗಾಯಕ್ಕೆ ಅವಸರವೇನು ಎಂದು ಕೇಳಬಹುದು. ಇದಕ್ಕೆ ಉತ್ತರ ಹೇಳಿದವನು ಎ. ಎ. ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರು. ಲೆಕ್ಕದ ಪ್ರಕಾರ ಗಾಜಿಗೆ ಇರಬೇಕಾದ ಬಲ ಎಷ್ಟೋ, ಇರುವುದು ಅದರ ಒಂದು ಚೂರು ಮಾತ್ರ. ಇದು ಯಾಕೆ ಎಂಬುದು ಅವನ ಪ್ರಶ್ನೆ. ಕಣ್ಣಿಗೆ ಕಾಣದ ಸಣ್ಣ ಸೀಳುಗಳೇ ಅದಕ್ಕೆ ಕಾರಣವೆಂದು 1921ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಅವನು ತೋರಿಸಿದ. ಇಡೀ ಗಾಜಿನ ಮೇಲೆ ಹರಡಿಕೊಳ್ಳಬೇಕಾದ ಒತ್ತಡ ಸೀಳಿನ ತುದಿಯಲ್ಲಿ ಬಂದು ನೆರೆಯುತ್ತದೆ. ಅವನ ಲೆಕ್ಕದಲ್ಲಿ ಮನಸ್ಸಿಗೆ ನಾಟುವ ಅಂಶ ಇನ್ನೊಂದಿದೆ: ಬಿರುಕು ಉದ್ದವಾದಷ್ಟೂ ಅದನ್ನು ಇನ್ನಷ್ಟು ಉದ್ದ ಮಾಡಲು ಬೇಕಾದ ಬಲ ಕಡಿಮೆಯಾಗುತ್ತ ಹೋಗುತ್ತದೆ. ಮೊದಲು ಕಲ್ಲೇ ಬೇಕಾಗಿತ್ತು. ಆಮೇಲೆ ರಸ್ತೆಯ ಒಂದು ಹಳ್ಳ ಸಾಕು. ಕೊನೆಗೆ ಬಿಸಿಲಲ್ಲಿ ಕಾದ ಗಾಜಿಗೆ ಒಳಗಿನಿಂದ ತಣ್ಣನೆಯ ಗಾಳಿ ತಗುಲಿದರೂ ಸಾಕು, ಗೆರೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡಿಬಿಡುತ್ತದೆ. ಒತ್ತಡ ತಾನಾಗಿ ಹೆಚ್ಚದಿದ್ದರೂ ತೇವ ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ಗಾಳಿಯಲ್ಲಿನ ನೀರಾವಿಯೇ ಗಾಜಿನ ಬಿರುಕಿನ ವೇಗವನ್ನು ಹೆಚ್ಚಿಸುತ್ತದೆಂದು ವೀಡರ್‌ಹಾರ್ನ್ ಎಂಬ ಅಮೆರಿಕದ ವಿಜ್ಞಾನಿ 1967ರಲ್ಲಿ ಅಳೆದು ತೋರಿಸಿದ್ದಾನೆ. ಏನೂ ನಡೆಯುತ್ತಿಲ್ಲವೆಂದು ನಾವು ತಿಳಿದ ದಿನಗಳಲ್ಲಿಯೂ ಏನೋ ನಡೆಯುತ್ತಿರುತ್ತದೆ.

ಈ ರಿಪೇರಿಯ ವಿದ್ಯೆ ಬಳಕೆಗೆ ಬಂದದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ. ನಾನು ಅದನ್ನು ಕಂಡದ್ದು ಮೈಸೂರಿನ ಒಂದು ಅಂಗಡಿಯಲ್ಲಿ, ಸಹೋದ್ಯೋಗಿಯೊಬ್ಬರ ಕಾರಿಗೆ ಮಾಡುವಾಗ. ಕೆಲಸದ ಹುಡುಗ ಮೊದಲು ಕಾರನ್ನು ಬಿಸಿಲಿನಿಂದ ನೆರಳಿಗೆ ತರಿಸಿದ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಗುಲಿದರೆ ಅವನ ಅಂಟು ತುಂಬುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಗಾಯದ ಬಾಯಲ್ಲಿದ್ದ ಗಾಜಿನ ಪುಡಿಯನ್ನು ಸೂಜಿಯಂಥ ಸಲಕರಣೆಯಿಂದ ಬಿಡಿಸಿ ತೆಗೆದ. ರಬ್ಬರಿನ ಬಟ್ಟಲುಗಳಿಂದ ಗಾಜಿಗೆ ಕಚ್ಚಿಕೊಳ್ಳುವ ಒಂದು ಚೌಕಟ್ಟನ್ನು ಕೂರಿಸಿ, ಅದರ ನಡುವಿನ ಸಣ್ಣ ಕೊಳವೆಯ ಬಾಯಿ ಸರಿಯಾಗಿ ಗಾಯದ ಮೇಲೆ ಬರುವಂತೆ ತಿರುಗಿಸಿದ. ಕೊಳವೆಗೆ ನೀರಿನಷ್ಟು ತೆಳುವಾದ ರೆಸಿನ್ ಎಂಬ ರಾಳದ ಕೆಲವು ಹನಿ ಬಿಟ್ಟು, ತಿರುಪನ್ನು ಮೇಲಕ್ಕೆಳೆದ. ಅದು ಒತ್ತುವುದಕ್ಕಲ್ಲ, ಬಿರುಕಿನೊಳಗಿನ ಗಾಳಿಯನ್ನು ಹೀರುವುದಕ್ಕೆ. ಆಮೇಲೆ ಕೆಳಕ್ಕೊತ್ತಿದ. ಮತ್ತೆ ಹೀರಿದ, ಮತ್ತೆ ಒತ್ತಿದ. ಒಳಗಿನಿಂದ ಕನ್ನಡಿ ಹಿಡಿದು ನೋಡುತ್ತಿದ್ದಂತೆ ನಕ್ಷತ್ರದ ಒಂದೊಂದೇ ಎಳೆ ಮಾಯವಾಗುತ್ತ ಬಂತು. ಕೊನೆಗೆ ಮೇಲಿನ ಕುಳಿಗೆ ಗಟ್ಟಿ ರಾಳ ತುಂಬಿ, ತೆಳುಹಾಳೆ ಮುಚ್ಚಿ, ಕೆಲವು ನಿಮಿಷ ನೇರಳಾತೀತ ದೀಪ ಹಿಡಿದ. ಗಟ್ಟಿಯಾದ ಮೇಲೆ ಬ್ಲೇಡಿನಿಂದ ಸಮನಾಗಿ ಹೆರೆದು ಉಜ್ಜಿದ.

“ಏನಪ್ಪಾ, ಇನ್ನು ಗೊತ್ತೇ ಆಗುವುದಿಲ್ಲವೋ?” ಎಂದು ನಾನು ಕೇಳಿದೆ.

“ಗೊತ್ತಾಗುತ್ತೆ ಸಾರ್. ಕಲೆ ಉಳಿಯುತ್ತೆ. ಬಿರುಕು ನಿಲ್ಲುತ್ತೆ. ನಮ್ಮ ಕೆಲಸ ಅಷ್ಟೆ” ಎಂದ.

ಆ ಉತ್ತರದ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ನಾನು ಮೇಲೆ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲಿದೆ. ಸರಿಪಡಿಸುವುದೆಂದರೆ ಮೊದಲಿದ್ದಂತೆ ಮಾಡುವುದಲ್ಲ. ಅದು ಯಾರಿಂದಲೂ ಆಗದು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಮ್ಮ ಹಿರಿಯರು ಹೇಳಿದ್ದು ಸತ್ಯವೇ. ಆದರೆ ಆ ಗಾದೆ ಮುಂದಿನದನ್ನು ಹೇಳುವುದಿಲ್ಲ. ಹೋದದ್ದು ಹೋಯಿತು ಎಂದು ಒಪ್ಪಿಕೊಂಡ ಮೇಲೆಯೂ, ಇನ್ನೂ ಹೋಗದೆ ಉಳಿದುದು ಬಹಳ ಇರುತ್ತದೆ. ಅದನ್ನು ಉಳಿಸಿಕೊಳ್ಳುವ ಕೆಲಸಕ್ಕೆ ರಿಪೇರಿಯೆಂದು ಹೆಸರು.

ಹಾಗಾದರೆ ಮುಚ್ಚುವುದಕ್ಕೂ ಇದಕ್ಕೂ ಭೇದವೇನು? ಉಗುರಿನ ಬಣ್ಣವನ್ನೋ ಅಂಗಡಿಯಲ್ಲಿ ಸಿಕ್ಕುವ ದಿಢೀರ್ ಅಂಟನ್ನೋ ಗಾಯದ ಮೇಲೆ ಸವರಿ ಕೈತೊಳೆದುಕೊಳ್ಳುವವರಿದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಒಂದು ದ್ರವ ಹಚ್ಚಿದರು, ಒಣಗಿತು, ಗಾಯ ಮಸುಕಾಯಿತು. ಆದರೆ ಬಿರುಕು ಕಣ್ಣಿಗೆ ಕಾಣುವುದು ಯಾತರಿಂದ ಎಂಬುದನ್ನು ಯೋಚಿಸಬೇಕು. ಗಾಜು ಪಾರದರ್ಶಕ, ಗಾಳಿಯೂ ಪಾರದರ್ಶಕ. ಗಾಜಿನಲ್ಲಿ ಹೋಗುತ್ತಿರುವ ಬೆಳಕು ನಡುವೆ ಗಾಳಿಯ ಒಂದು ಎಳೆಯನ್ನು ಸಂಧಿಸಿ ಅಲ್ಲಿ ಹಿಂದಕ್ಕೆ ಚಿಮ್ಮುವುದರಿಂದ ನಮಗೆ ಬೆಳ್ಳಗೆ ಹೊಳೆಯುವ ಗೆರೆ ಕಾಣುತ್ತದೆ. ರಾಳದ ವಕ್ರೀಭವನಾಂಕ ಗಾಜಿನದಕ್ಕೆ, ಎಂದರೆ ಸುಮಾರು 1.5ಕ್ಕೆ, ಬಹಳ ಹತ್ತಿರ. ಅದು ಗಾಳಿಯನ್ನು ಹೊರಡಿಸಿ ಆ ಜಾಗದಲ್ಲಿ ನಿಂತಾಗ ಬೆಳಕಿಗೆ ತಡೆಯಿಲ್ಲ. ಗಾಯ ಮರೆಯಾದದ್ದು ಅದರ ಮೇಲೆ ಏನನ್ನೋ ಎಳೆದುದರಿಂದಲ್ಲ, ತುದಿಯವರೆಗೂ ಹೋಗಿ ತುಂಬಿದ್ದರಿಂದ. ಅದೇ ತುಂಬುವಿಕೆ ಎರಡು ದಡಗಳನ್ನು ಹಿಡಿದು ಒತ್ತಡವನ್ನೂ ತಡೆಯುತ್ತದೆ. ತೇಪೆಗೂ ಬೆಸುಗೆಗೂ ಇರುವ ವ್ಯತ್ಯಾಸ ಇದು. ಮೇಲೆ ಸವರಿದ ಬಣ್ಣದ ಕೆಡುಕು ಇನ್ನೂ ಒಂದಿದೆ: ಅದು ಬಾಯಿ ಕಟ್ಟಿದ ಮೇಲೆ ನಿಜವಾದ ರಾಳಕ್ಕೆ ಒಳಗೆ ಹೋಗಲು ದಾರಿಯಿರುವುದಿಲ್ಲ. ಹುಸಿ ರಿಪೇರಿ ತಾನು ಮಾಡದ ಕೆಲಸವನ್ನು ಮುಂದೆ ಬರುವವನಿಗೂ ಮಾಡಗೊಡುವುದಿಲ್ಲ.

ಇದು ಗಾಜಿಗೆ ಮಾತ್ರ ಅನ್ವಯಿಸುವ ಮಾತಲ್ಲವೆಂದು ವಾಚಕರು ಆಗಲೇ ಊಹಿಸಿರಬಹುದು. ಕನ್ನಡ ಭಾಷೆಯೇ ಆ ಕಡೆಗೆ ಕೈತೋರುತ್ತದೆ. ಹಾಲು ಒಡೆಯುತ್ತದೆ, ಮನಸ್ಸು ಒಡೆಯುತ್ತದೆ, ಮನೆ ಒಡೆಯುತ್ತದೆ. ಮಡಕೆಯಲ್ಲಿರುವುದೂ ಒಡಕು, ಸಂಸಾರದಲ್ಲಿರುವುದೂ ಒಡಕು. ನನಗೆ ಗೊತ್ತಿರುವ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ತಂದೆಯ ವೈಕುಂಠ ಸಮಾರಾಧನೆ ಮುಗಿದ ಮೇಲೆ ಖರ್ಚಿನ ಲೆಕ್ಕ ಓದುತ್ತಿದ್ದಾಗ ತಮ್ಮ, “ಅಣ್ಣಯ್ಯ, ಅಡಿಗೆಯವರ ರಸೀತಿ ಎಲ್ಲಿ?” ಎಂದು ಕೇಳಿದನಂತೆ. ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸಮಾಡುವವನ ಅಭ್ಯಾಸದ ಮಾತು ಅದು. ಅಣ್ಣನಿಗೆ ಅದು ಅನುಮಾನದಂತೆ ಕೇಳಿಸಿತು. ಅವನು ಏನೂ ಅನ್ನಲಿಲ್ಲ. ಮುಂದಿನ ವರ್ಷದ ಶ್ರಾದ್ಧಕ್ಕೆ ಅವರವರ ಮನೆಯಲ್ಲಿ ಅವರವರೇ ಮಾಡಿದರು. ಅಣ್ಣನ ಮಗಳ ಮದುವೆಯ ಕರೆಯೋಲೆ ತಮ್ಮನಿಗೆ ಅಂಚೆಯಲ್ಲಿ ಬಂತು. ಕಲ್ಲು ಬಿದ್ದದ್ದು ಒಂದೇ ಸಲ. ಆಮೇಲೆ ಬಿರುಕು ಓಡಲು ಕಲ್ಲೇನೂ ಬೇಕಾಗಲಿಲ್ಲ.

ಅವರನ್ನು ಒಂದುಗೂಡಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಬಂಧುಗಳು ಇಬ್ಬರನ್ನೂ ಒಂದು ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿ, “ಹಳೆಯದೆಲ್ಲ ಮರೆತುಬಿಡಿ” ಎಂದರು. ಇಬ್ಬರೂ ಉಂಡರು, ನಕ್ಕರು. ಮೂರು ತಿಂಗಳಿಗೆ ಮನೆಯ ಪಾಲಿನ ದಾವೆ ದಾಖಲಾಯಿತು, ಇನ್ನೂ ನಡೆಯುತ್ತಿದೆ. ನನಗೆ ಆಗ ಅರ್ಥವಾಗದಿದ್ದುದು ಆ ಹುಡುಗನ ತಿರುಪನ್ನು ನೋಡಿದ ಮೇಲೆ ಅರ್ಥವಾಯಿತು. ಹಬ್ಬದ ದಿನ ಯಾರೂ ರಸೀತಿಯ ಮಾತೆತ್ತಲಿಲ್ಲ. ಒಳಗಿದ್ದ ಗಾಳಿಯನ್ನು ಹೀರದೆ ಮೇಲಿನಿಂದ ಸಿಹಿ ಸುರಿದರು. ಗಾಳಿ ತುಂಬಿದ ಎಳೆಯೊಳಗೆ ಎಂಥ ಉತ್ತಮ ರಾಳವೂ ಹೋಗುವುದಿಲ್ಲ, ಬಾಯಿಯಲ್ಲೇ ನಿಂತುಬಿಡುತ್ತದೆ. “ಅಂದು ನೀನು ಹಾಗೆ ಕೇಳಿದಾಗ ನನಗೆ ಹೀಗಾಯಿತು” ಎಂಬ ಮಾತು ಹೊರಕ್ಕೆ ಬರುವಾಗ ನೋವಾಗುತ್ತದೆ, ನಿಜ. ರಾಜಿಗಿಂತ ಮೊದಲು ಜಗಳವೇ ಆದಂತೆ ತೋರುತ್ತದೆ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಸೌಜನ್ಯವೆಂಬುದು ಬಹುಮಟ್ಟಿಗೆ ಆ ಒಂದು ಗಳಿಗೆಯನ್ನು ತಪ್ಪಿಸುವ ಉಪಾಯವಾಗಿಬಿಟ್ಟಿದೆ.

ಇನ್ನು ರಿಪೇರಿಗೆ ಒಂದು ಎಲ್ಲೆ ಇದೆಯೆಂಬುದನ್ನೂ ಹೇಳಬೇಕು. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಒಂದು ನಿಯಮವಿದೆ. ಚಾಲಕನ ಚಕ್ರದ ನೇರಕ್ಕೆ ಗಾಜಿನ ಮೇಲೆ 290 ಮಿಲಿಮೀಟರ್ ಅಗಲದ ಒಂದು ಪಟ್ಟಿಯನ್ನು ಕಲ್ಪಿಸಿಕೊಂಡಿದ್ದಾರೆ. ಒರಸುಕಡ್ಡಿ ಆಡುವ ಭಾಗದೊಳಗೆ ಆ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ ಹೆಚ್ಚಿನ ಗಾಯವಿದ್ದರೆ ಗಾಡಿ ತೇರ್ಗಡೆಯಾಗದು; ಉಳಿದ ಭಾಗದಲ್ಲಿ 40 ಮಿಲಿಮೀಟರಿನವರೆಗೆ ಕ್ಷಮೆ. ಗಾಯ ಒಂದೇ, ಗಾಜೂ ಒಂದೇ, ತೀರ್ಪು ಮಾತ್ರ ಬೇರೆ. ಇದು ಅನ್ಯಾಯವೆಂದು ಯಾರೂ ಹೇಳಲಾರರು. ಯಾವುದರ ಮೂಲಕ ಒಬ್ಬನು ಎಲ್ಲರ ಪರವಾಗಿ ದಾರಿ ನೋಡುತ್ತಾನೋ ಅಲ್ಲಿ ಸಣ್ಣ ಮಸುಕನ್ನೂ ಸಹಿಸುವಂತಿಲ್ಲ. ರಾತ್ರಿ ಎದುರಿನ ದೀಪ ಬಿದ್ದಾಗ ಆ ಕಲೆಯೇ ಕಣ್ಣು ಕುಕ್ಕುತ್ತದೆ. ನ್ಯಾಯಾಧೀಶನ ಪಕ್ಷಪಾತವನ್ನೂ ಪರೀಕ್ಷಕನ ಅಲಕ್ಷ್ಯವನ್ನೂ ನಾವು ಬೇರೆಯವರ ಅದೇ ದೋಷಗಳಿಗಿಂತ ಕಟುವಾಗಿ ಅಳೆಯುವುದು ಈ ನ್ಯಾಯದಿಂದಲೇ. ಉತ್ತರಪತ್ರಿಕೆ ತಿದ್ದುವ ನಾವು, ಅಧ್ಯಾಪಕರು, ಆ ಪಟ್ಟಿಯೊಳಗೇ ಕುಳಿತವರು.

ಇನ್ನೊಂದು ಎಲ್ಲೆ ಆಳದ್ದು. ಗಾಯ ನಡುವಣ ಪೊರೆಯನ್ನು ಸೀಳಿ ಒಳಹಾಳೆಗೂ ಮುಟ್ಟಿದ್ದರೆ, ಅಥವಾ ಬಿರುಕು ಅಂಚನ್ನು ಸೇರಿ ಓಡಿದ್ದರೆ, ಒಳ್ಳೆಯ ಕೆಲಸಗಾರ ರಾಳದ ಸೀಸೆಯನ್ನು ಮುಟ್ಟುವುದಿಲ್ಲ. ಗಾಜನ್ನೇ ಬದಲಾಯಿಸಿ ಎನ್ನುತ್ತಾನೆ. ಅಪಘಾತದಲ್ಲಿ ಒಳಗಿನವರನ್ನು ಕಾಯಬೇಕಾದದ್ದು ಆ ಗಾಜು. ರಿಪೇರಿಯನ್ನು ಹೊಗಳುವ ನನ್ನಂಥವರು ಇಲ್ಲಿ ಎಚ್ಚರದಿಂದಿರಬೇಕು. ಗಂಡನ ಮನೆಯಲ್ಲಿ ಏಟು ತಿಂದು ಬಂದ ಮಗಳಿಗೆ “ಹೊಂದಿಕೊಂಡು ಹೋಗಮ್ಮ, ಸಂಸಾರ ಅಂದಮೇಲೆ ಇದ್ದದ್ದೇ” ಎಂದು ಹೇಳಿ ವಾಪಸು ಕಳುಹಿಸುವ ತಂದೆತಾಯಿಯರು ತಾವು ಬೆಸೆಯುತ್ತಿದ್ದೇವೆಂದೇ ನಂಬಿರುತ್ತಾರೆ. ಒಡಕು ಒಳಹಾಳೆಯನ್ನು ದಾಟಿದೆಯೋ ಇಲ್ಲವೋ ಎಂದು ಅವರು ನೋಡಿಲ್ಲ. ಅಲ್ಲದೆ, ಗಾಜಿಗೂ ಮನುಷ್ಯನಿಗೂ ಒಂದು ದೊಡ್ಡ ಅಂತರವಿದೆ. ಗಾಜನ್ನು ಕೇಳದೆ ರಿಪೇರಿ ಮಾಡಬಹುದು. ನೊಂದವರನ್ನು ಕೇಳದೆ ಮಾಡುವಂತಿಲ್ಲ. ಸಾಕು, ಇನ್ನು ಇಲ್ಲಿ ಇರಲಾರೆ ಎನ್ನುವ ಹಕ್ಕು ಏಟು ತಿಂದವರದು. ಅದನ್ನು ಕಿತ್ತುಕೊಂಡು ಮಾಡಿದ ರಾಜಿಯನ್ನು ಧರ್ಮವೆಂದು ಕರೆಯಲು ನಾನು ಸಿದ್ಧನಿಲ್ಲ.

ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ, ಅದನ್ನು ನೀರಿಗೆ ಬಿಡಬೇಕು ಎಂಬ ನಮ್ಮ ಸಂಪ್ರದಾಯವನ್ನು ನೆನೆದು, ಕಲೆಯುಳ್ಳದ್ದನ್ನು ಇಟ್ಟುಕೊಳ್ಳುವುದೇ ಸರಿಯಲ್ಲವೆಂದು ವಾದಿಸುವವರೂ ಇದ್ದಾರು. ಆದರೆ ಜೀರ್ಣೋದ್ಧಾರವೆಂಬ ವಿಧಿಯನ್ನು ಹೇಳಿದ್ದೂ ಅದೇ ಸಂಪ್ರದಾಯ. ಮೇಲಾಗಿ ವಿಗ್ರಹವಿರುವುದು ಅದನ್ನು ನೋಡುವುದಕ್ಕೆ. ಗಾಜಿರುವುದು ಅದರ ಮೂಲಕ ನೋಡುವುದಕ್ಕೆ. ನಮ್ಮ ಬಂಧುತ್ವ, ಸ್ನೇಹಗಳು ಯಾವ ಜಾತಿಯವು? ಅವುಗಳನ್ನು ಪೀಠದ ಮೇಲಿಟ್ಟು ನೋಡಹೊರಟವನಿಗೆ ಒಂದು ಗೀರೂ ಸಹನೆಯಾಗದು. ಅವುಗಳ ಮೂಲಕ ಲೋಕವನ್ನು ನೋಡುತ್ತ ದಾರಿ ನಡೆಯುವವನಿಗೆ ಒಂದು ಮೂಲೆಯ ಕಲೆಯಿಂದ ಪ್ರಯಾಣ ನಿಲ್ಲುವುದಿಲ್ಲ.

ಕಾರನ್ನು ಮಾರುವಾಗ ಗಾಜಿನ ರಿಪೇರಿಯ ವಿಷಯ ಕೊಳ್ಳುವವನಿಗೆ ಹೇಳಬೇಕೇ ಎಂದು ಆ ಸಹೋದ್ಯೋಗಿ ಕೇಳಿದರು. ಹೇಳಬೇಕು ಎಂದೇ ನನ್ನ ಅಭಿಪ್ರಾಯ. ಕೆಲಸ ಚೆನ್ನಾಗಿ ಆಗಿದ್ದರೆ ಹೇಳುವುದರಿಂದ ಹೆಚ್ಚೇನೂ ನಷ್ಟವಿಲ್ಲ. ಹೇಳದೆ ಇದ್ದರೆ, ಪ್ರಾಮಾಣಿಕವಾಗಿ ಮಾಡಿದ ಬೆಸುಗೆಯನ್ನು ನಾವೇ ಕೈಯಾರೆ ಮುಚ್ಚುಮರೆಯಾಗಿ ಮಾಡಿದಂತಾಗುತ್ತದೆ. ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ಮಾತು ಮಚ್ಚೆಯನ್ನೂ ಹೇಳುತ್ತದೆ, ವಿದ್ಯೆಯನ್ನೂ ಹೇಳುತ್ತದೆ. ಮೂಲದಲ್ಲಿ ಅವೆರಡು ಬೇರೆ ಬೇರೆ ಪದಗಳೆಂದು ತರಗತಿಯಲ್ಲಿ ನಾನೇ ಪಾಠ ಹೇಳುತ್ತೇನೆ. ಆದರೂ ಆ ಗಾಜನ್ನು ನೋಡುವಾಗ ಎರಡನ್ನೂ ಬೇರೆ ಮಾಡಲು ಮನಸ್ಸು ಬಾರದು.

ಕೊನೆಯದಾಗಿ ಒಂದು ಮಾತು. ಕಲ್ಲು ಬಡಿದ ತಕ್ಷಣ ರಿಪೇರಿಯವನು ಸಿಕ್ಕುವುದಿಲ್ಲ. ಊರು ದೂರವಿರಬಹುದು, ಕತ್ತಲಾಗಿರಬಹುದು. ಅಂಥ ಸಮಯದಲ್ಲಿ ಮಾಡಬೇಕಾದ ಕೆಲಸ ಬಹಳ ಸರಳ: ಗಾಯವನ್ನು ಬೆರಳಿನಿಂದ ಕೆದಕಬಾರದು, ನೀರು ಹಾಕಿ ತೊಳೆಯಬಾರದು, ಒಣಗಿದ್ದಾಗ ಮೇಲೊಂದು ಪಾರದರ್ಶಕ ಅಂಟುಪಟ್ಟಿ ಹಾಕಿ ಧೂಳೂ ತೇವವೂ ಒಳಗೆ ಹೋಗದಂತೆ ಕಾಯಬೇಕು. ಅದು ರಿಪೇರಿಯಲ್ಲ, ಆದರೆ ಮುಂದೆ ರಿಪೇರಿ ಚೆನ್ನಾಗಿ ಆಗಬೇಕಾದರೆ ಇದು ಆಗಿರಬೇಕು. ಅಣ್ಣತಮ್ಮಂದಿರ ನಡುವೆ, ಗೆಳೆಯರ ನಡುವೆ ಬೆಸುಗೆ ಹಾಕುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ಅದಕ್ಕೆ ಕೈಯಳತೆ ಬೇಕು, ಇಬ್ಬರ ನಂಬಿಕೆಯೂ ಬೇಕು. ಆದರೆ ಅವನ ಮಾತನ್ನು ಇವನಿಗೆ ಮುಟ್ಟಿಸದಿರುವುದು, ಇವನ ನಿಟ್ಟುಸಿರಿಗೆ ನಮ್ಮದೊಂದು ವ್ಯಾಖ್ಯಾನ ಸೇರಿಸದಿರುವುದು, ತೆರೆದ ಗಾಯದೊಳಗೆ ಧೂಳು ಬೀಳದಂತೆ ಸ್ವಲ್ಪ ಕಾಲ ಕೈಯೊಡ್ಡಿ ನಿಲ್ಲುವುದು: ಇಷ್ಟು ಯಾರಿಂದಲಾದರೂ ಆದೀತು. ಅಡಿಗೆಯವರ ರಸೀತಿಯ ಆ ಮಾತನ್ನು ಅಂದು ಅಲ್ಲಿ ಕೇಳಿಸಿಕೊಂಡವರು ಹತ್ತಾರು ಮಂದಿಯಂತೆ. ಅವರಲ್ಲಿ ಒಬ್ಬರಾದರೂ ಹೀಗೆ ಮಾಡಿದ್ದರೆ ಆ ಮನೆಯಲ್ಲಿ ಇಂದೂ ಒಂದೇ ಶ್ರಾದ್ಧ ನಡೆಯುತ್ತಿತ್ತೇನೋ.